ಬೆಳಗಿನ ಎಣಿಕೆ

ತನ್ನ ನಗು ತನ್ನದಾಗಿ ಉಳಿದಿಲ್ಲ ಎಂಬುದು ಡಿಯೊಲಿಂಡಳಿಗೆ ಗೊತ್ತಾದದ್ದು ಅಂಚೆ ಕಚೇರಿಯಲ್ಲಿ. ಕಿಟಕಿಯ ಆಚೆ ಕುಳಿತ ಹೆಂಗಸು ಮಂಜಿನ ಬಗ್ಗೆ ಏನೋ ತಮಾಷೆ ಮಾಡಿದಳು, ಇವಳು ನಕ್ಕಳು, ಹೊರಗೆ ಬಂದದ್ದು ಅತ್ತಿಗೆಯ ನಗು. ಮೊದಲು ಮೂಗಿನಲ್ಲೊಂದು ಸಣ್ಣ ಸದ್ದು, ಆಮೇಲೆ ತಲೆ ಹಿಂದಕ್ಕೆ ಒಗೆದು ಬಾಯ್ತುಂಬ. ಇಪ್ಪತ್ತಮೂರು ವರ್ಷ ಬಾಯಿಗೆ ಕೈ ಅಡ್ಡ ಹಿಡಿದೇ ನಕ್ಕವಳು ಅವಳು. ಮನೆಗೆ ಬಂದವಳೇ ನೋಟುಪುಸ್ತಕವನ್ನು ತಲೆಕೆಳಗು ಮಾಡಿ, ಹಿಂದಿನ ರಟ್ಟಿನ ಕಡೆಯಿಂದ ಬರೆದಳು: "ಇವತ್ತು ಆನಿಕಳ ಹಾಗೆ ನಕ್ಕೆ. ಯಾರಿಗೂ ತಿಳಿದಿರಲಿಕ್ಕಿಲ್ಲ. ಅವಳನ್ನು ಕಂಡರೆ ಆಗದ ಮೇಲೆ ಅವಳ ನಗುವನ್ನು ಯಾಕೆ ಎತ್ತಿಕೊಂಡೆ?"

ಆ ಪುಸ್ತಕಕ್ಕೆ ಎರಡು ಬಾಗಿಲು. ಮುಂದಿನಿಂದ ತೆರೆದರೆ ಜೇನ್ನೊಣಗಳ ಎಣಿಕೆ. ತಿರುಗಿಸಿ ಹಿಂದಿನಿಂದ ತೆರೆದರೆ ಅವಳು. ಟರ್ಲಾಕ್‌ನ ಕಾಲೇಜಿನಲ್ಲಿ ಜೀವಶಾಸ್ತ್ರ ಓದುವಾಗ ಅಂಟಿಕೊಂಡ ಅಭ್ಯಾಸ ಅದು. ಪಾಠ ಮುಂದೆ, ಮನಸ್ಸಿನದು ಹಿಂದೆ. ಎರಡೂ ಬರಹಗಳು ಬೆಳೆಯುತ್ತ ಬೆಳೆಯುತ್ತ ನಡುವೆ ಎಲ್ಲೋ ಮುಖಾಮುಖಿಯಾದಾಗ ಹೊಸ ಪುಸ್ತಕ. ಈ ವರ್ಷ ಹಿಂದಿನದೇ ಬೇಗ ಬೇಗ ಓಡುತ್ತಿತ್ತು.

ಅಣ್ಣ ನೆಲ್ಸನ್‌ನನ್ನು ಮದುವೆಯಾಗಿ ಆನಿಕ ಈ ಮನೆಗೆ ಬಂದು ಎಂಟು ತಿಂಗಳು. ರಿಪನ್ ಊರಿನ ಡಚ್ ಮನೆತನದವಳು, ಎತ್ತರದ ಹೆಣ್ಣು, ಬಾಗಿಲು ತೆಗೆಯುವ ಮೊದಲೇ ಮಾತು ತೆಗೆಯುವವಳು. ಹಿಲ್ಮಾರ್‌ನ ಈ ಪೋರ್ಚುಗೀಸ್ ಮನೆಯ ಅಡುಗೆಕೋಣೆಯಲ್ಲಿ ತಾನು ಹೊಸಬಳೆಂದು ಅವಳಿಗೆ ಒಂದು ದಿನವೂ ಅನಿಸಲಿಲ್ಲ. ಮೂರನೆಯ ವಾರಕ್ಕೆ ಕೇಲ್ ಸೊಪ್ಪಿನ ಸೂಪು ಕಲಿತಳು. ಐದನೆಯ ವಾರಕ್ಕೆ ತಾತನಿಗೆ ಅದು ಚೆನ್ನಾಗಿದೆ ಎನಿಸಿತು. ಡಿಯೊಲಿಂಡ ಅದೇ ಸೂಪನ್ನು ಹತ್ತು ವರ್ಷದಿಂದ ಮಾಡುತ್ತಿದ್ದಳು. ತಾತ ಕುಡಿಯುತ್ತಿದ್ದ, ಎದ್ದು ಹೋಗುತ್ತಿದ್ದ. ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಬಹುದು ಎಂಬುದೇ ಆ ದಿನದವರೆಗೆ ಅವಳಿಗೆ ತಿಳಿದಿರಲಿಲ್ಲ.

ಅಪ್ಪ ಅಮ್ಮ ಎರಡು ಮೈಲಿ ಆಚೆ ಡೇರಿಯ ಹಸುಗಳ ಜೊತೆ ಇದ್ದರು. ಇತ್ತ ಎಂಬತ್ತು ಎಕರೆ ಬಾದಾಮಿ ತೋಟದ ಮನೆಯಲ್ಲಿ ಡಿಯೊಲಿಂಡ ಹದಿಮೂರನೆಯ ವಯಸ್ಸಿನಿಂದಲೂ ತಾತ ಸೆರಾಫಿಂ ಜೊತೆ. ಮೊಮ್ಮಕ್ಕಳ ಬಾಯಲ್ಲಿ ಅವನು ವವೋ. ಬೆಳಿಗ್ಗೆ ತಾತ ತೋಟ ಸುತ್ತಲು ಹೊರಟರೆ ಇವಳು ಎರಡು ಹೆಜ್ಜೆ ಹಿಂದೆ. ಇಬ್ಬರೂ ಮಾತಾಡುತ್ತಿರಲಿಲ್ಲ. ಈಗ ಆನಿಕ ಅವನ ಪಕ್ಕದಲ್ಲೇ ನಡೆಯುತ್ತಾಳೆ, ಒಮ್ಮೊಮ್ಮೆ ಮುಂದೆಯೂ. ಅದನ್ನು ಸುಮ್ಮನೆ ಸಹಿಸಬಹುದಾಗಿತ್ತು. ಕೊಂಬೆಯದೊಂದು ಆಗದಿದ್ದರೆ.

ಬೆಟೆನ್‌ಕೋರ್ಟ್ ಎಂಬ ಈ ಮನೆತನದಲ್ಲಿ ಒಂದು ಪದ್ಧತಿ ಇದೆ. ಫೆಬ್ರವರಿಯಲ್ಲಿ ಮೊದಲ ಬಾದಾಮಿ ಹೂವು ಕಣ್ಣಿಗೆ ಬಿದ್ದ ದಿನ ತಾತ ಆ ಕೊಂಬೆಯನ್ನು ತನ್ನ ಜೇಬಿನ ಚಾಕುವಿನಿಂದ ಕತ್ತರಿಸಿ ಅಜ್ಜಿಯ ಕೈಗೆ ಕೊಡುತ್ತಿದ್ದ. ಅಜ್ಜಿ ಅದನ್ನು ನೆಲಕ್ಕೆ ತಾಗಿಸದೆ, ದಾರಿಯಲ್ಲಿ ಒಂದೂ ಮಾತಾಡದೆ ಮನೆಗೆ ತಂದು, ಊಟದ ಮೇಜಿನ ಪಕ್ಕದ ಹಲಗೆಯ ಮೇಲೆ ಪೂಜೆಗಿಟ್ಟ ಪವಿತ್ರಾತ್ಮನ ಬೆಳ್ಳಿ ಕಿರೀಟದ ಮುಂದೆ ನೀಲಿ ಹೂಜಿಯಲ್ಲಿ ಇಡುತ್ತಿದ್ದಳು. ಅಜ್ಜಿಯ ಹೆಸರೂ ಡಿಯೊಲಿಂಡ. ಅವಳು ತೀರಿಕೊಂಡ ಮೇಲೆ ಏಳು ವರ್ಷ ಕೊಂಬೆ ಅದೇ ಹೆಸರಿನ ಮೊಮ್ಮಗಳ ಕೈಗೆ ಬಂತು. ಮಾತಾಡದೆ ನಡೆಯುವುದೇ ನಿಯಮವಾಗಿರುವ ಕೆಲಸ ಲೋಕದಲ್ಲಿ ಇದೊಂದೇ ಇರಬೇಕು, ಅದರಲ್ಲಿ ಅವಳನ್ನು ಮೀರಿಸುವವರೂ ಇರಲಿಲ್ಲ.

ಈ ವರ್ಷ ಆ ದಿನ ಅವಳು ತೋಟದ ಕೊನೆಯಲ್ಲಿ ಜೇನ್ನೊಣಗಳ ನೀರಿನ ತೊಟ್ಟಿ ತೊಳೆಯುತ್ತಿದ್ದಳು. ತೊಟ್ಟಿಗಳಲ್ಲಿ ವೈನ್ ಶೀಸೆಯ ಬಿರಡೆಗಳು ತೇಲುತ್ತವೆ, ನೊಣ ಅದರ ಮೇಲೆ ಕುಳಿತು ಮುಳುಗದೆ ನೀರು ಕುಡಿಯಲಿ ಎಂದು. ಹಬ್ಬದೂಟಗಳಿಂದ ಅಜ್ಜಿ ಕೂಡಿಸಿಟ್ಟ ಬಿರಡೆಗಳು. ಅವನ್ನು ಉಜ್ಜಿ, ಹೊಸ ನೀರು ತುಂಬಿ ತಲೆ ಎತ್ತಿದರೆ ಸಾಲಿನ ಆ ತುದಿಯಲ್ಲಿ ಆನಿಕ ಬರುತ್ತಿದ್ದಳು. ಕೈಯಲ್ಲಿ ಕೊಂಬೆ. ಬಾಯಿ ಒಂದೇ ಸಮನೆ ಆಡುತ್ತಿತ್ತು. ಪಕ್ಕದಲ್ಲಿ ತಾತ ನಗುತ್ತಿದ್ದ.

"ಲಿಂಡಾ, ನೋಡೇ," ಎಂದು ಆನಿಕ ದೂರದಿಂದಲೇ ಕೂಗಿದಳು. "ಇದನ್ನ ಹಿಡ್ಕೊಂಡು ಮಾತಾಡ್ಬಾರ್ದಂತೆ. ಈಗ ಹೇಳ್ತಾರೆ ನಿಮ್ಮ ವವೋ, ಅರ್ಧ ದಾರಿ ಬಂದ್ಮೇಲೆ."

"ಹೇಳಿದ್ರೆ ಮಾತ್ರ ನೀನು ಸುಮ್ಮನಿರ್ತಿದ್ಯಾ?" ಎಂದ ತಾತ.

ಡಿಯೊಲಿಂಡ ಬಿರಡೆಯೊಂದನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದಳು. ಆ ರಾತ್ರಿ ಪುಸ್ತಕದ ಹಿಂದಿನ ಕಡೆ ಅವಳು ಏನೂ ಬರೆಯಲಿಲ್ಲ. ಬರೆಯದ ದಿನ ಆ ವರ್ಷ ಅದೊಂದೇ.

ಇನ್ನು ಸಾಸಿವೆಯ ವಿಷಯ. ತೋಟದ ನೆಲ ಅಂಗೈ ಹಾಗಿರಬೇಕು ಎಂಬುದು ಸೆರಾಫಿಂನ ಐವತ್ತು ವರ್ಷದ ಹಟ. ಹೂವಿನ ಕಾಲಕ್ಕೆ ಮರದ ಕೆಳಗೆ ಒಂದು ಹಸಿರು ಕಡ್ಡಿ ಕಂಡರೆ ಮಾಲೀಕ ಸೋಮಾರಿ ಎಂದೇ ಈ ಸೀಮೆಯಲ್ಲಿ ಅರ್ಥ. ಆದರೆ ಹಿಂದಿನ ವಸಂತದಲ್ಲಿ ಜೇನುಗಾರ ಆರ್ವಿಡ್ ಒಂದು ಪೆಟ್ಟಿಗೆ ತೆರೆದು ತೋರಿಸಿದ್ದ. ಉತ್ತರ ಡಕೋಟದಿಂದ ಹತ್ತೊಂಬತ್ತು ವರ್ಷಗಳಿಂದ ಲಾರಿಯಲ್ಲಿ ಪೆಟ್ಟಿಗೆಗಳನ್ನು ತರುವವನು. ಅವನ ನೊಣಗಳಿಲ್ಲದೆ ಈ ಮರಗಳು ಕಾಯಿ ಕಟ್ಟುವುದಿಲ್ಲ. "ಹೂವು ಉದುರಿದ್ಮೇಲೆ ಇಲ್ಲಿ ಇವಕ್ಕೆ ಏನೂ ಇಲ್ಲ, ಸೆರಾಫಿಂ. ಲಾರಿ ಬರೋಕೆ ಮೂರು ವಾರ. ಮೂರು ವಾರ ಉಪವಾಸ ಬಿದ್ದು, ಮರಿ ಸಾಕೋದು ನಿಲ್ಲಿಸಿ, ಜೀವ ಹಿಡ್ಕೊಂಡಿರ್ತವೆ. ಇನ್ನೊಂದು ಸಲ ಹೀಗಾದ್ರೆ ನಾನು ಬೇರೆ ತೋಟ ನೋಡ್ಕೋಬೇಕಾಗತ್ತೆ. ಬೇಜಾರು ಮಾಡ್ಕೋಬೇಡ."

ಅದಕ್ಕೆ ದಾರಿ ಹೇಳಿದವಳು ಆನಿಕ. ಅಕ್ಟೋಬರಿನಲ್ಲಿ ಸಾಲು ಬಿಟ್ಟು ಸಾಲಿಗೆ ಸಾಸಿವೆ ಬಿತ್ತಿದರೆ ಬಾದಾಮಿಗಿಂತ ಮುಂಚೆ ಹೂವು, ಬಾದಾಮಿ ಮುಗಿದ ಮೇಲೂ ಹೂವು. ರಿಪನ್‌ನಲ್ಲಿ ಅವಳ ಚಿಕ್ಕಪ್ಪ ಮಾಡಿದ್ದನಂತೆ. ತಾತ ಒಪ್ಪಲು ಒಂದು ತಿಂಗಳು ಹಿಡಿಯಿತು. ಜನವರಿಯಲ್ಲಿ ತೋಟವೆಲ್ಲ ಹಳದಿಯಾದಾಗ ನೆರೆಯವರು ರಸ್ತೆಯಲ್ಲಿ ಗಾಡಿ ನಿಲ್ಲಿಸಿ ವಿಚಾರಿಸಿದರು, "ಏನ್ ಸೆರಾಫಿಂ, ಬಾದಾಮಿ ಬಿಟ್ಟು ಗಾಣ ಹಾಕ್ತೀಯೋ?" ತಾತ ಮುಖ ಗಂಟಿಕ್ಕಿಕೊಂಡು ಒಳಗೆ ಬಂದ.

ಅವನ ಭಯ ಒಂದೇ. ಹಳದಿ ಹೂವಿನ ರುಚಿ ಹತ್ತಿದ ನೊಣ ಬಾದಾಮಿಯ ಕಡೆ ತಿರುಗಿಯೂ ನೋಡುವುದಿಲ್ಲ, ಮರಗಳು ಬಾಯಿ ಬಿಟ್ಟುಕೊಂಡು ನಿಂತಿರುತ್ತವೆ ಎಂದು. ಕೊನೆಗೆ ಮಾತಾಯಿತು. ಎಣಿಸುವುದು. ನೊಣ ಮರದಲ್ಲಿದ್ದರೆ ಸಾಸಿವೆ ಉಳಿಯುತ್ತದೆ, ಸಾಸಿವೆಯಲ್ಲಿದ್ದರೆ ಕತ್ತರಿಸುವುದು.

"ಎಣಿಸೋದು ಲಿಂಡ," ಎಂದ ತಾತ. "ಇವಳು ಇರೋದನ್ನ ಇದ್ದ ಹಾಗೆ ಹೇಳ್ತಾಳೆ. ಹೆಚ್ಚಿಗೆ ಹೇಳೋದು ಇವಳಿಗೆ ಬರೋದೇ ಇಲ್ಲ."

ಎಂಟು ತಿಂಗಳಲ್ಲಿ ತಾತ ತನ್ನ ಬಗ್ಗೆ ಆಡಿದ ಅತಿ ಉದ್ದದ ಮಾತು. ಡಿಯೊಲಿಂಡ ಅದನ್ನೂ ಬರೆದಿಟ್ಟುಕೊಂಡಿದ್ದಳು.

ಅವಳು ಕೆಲಸವನ್ನು ಓದಿದವಳ ಹಾಗೆಯೇ ಮಾಡಿದಳು. ಹತ್ತು ಮರ ಗುರುತು ಮಾಡಿ, ಒಂದೊಂದರ ಎದುರು ಎರಡು ನಿಮಿಷ ನಿಂತು, ಚಾಚಿದ ತೋಳಿನಳತೆಯ ಕೊಂಬೆಗಳಲ್ಲಿ ಹೂವಿಗೆ ಇಳಿದ ನೊಣಗಳನ್ನು ಎಣಿಸಿದಳು. ಆಮೇಲೆ ಅಷ್ಟೇ ಹೊತ್ತು, ಅಷ್ಟೇ ಅಳತೆಯ ಸಾಸಿವೆ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಹನ್ನೊಂದಕ್ಕೆ, ಮಧ್ಯಾಹ್ನ ಮೂರಕ್ಕೆ. ಎಡಪುಟ ಬೆಳಿಗ್ಗೆಯದು, ಬಲಪುಟ ಮಧ್ಯಾಹ್ನದ್ದು. ಎರಡು ಪುಟ ಯಾಕೆಂದು ಅವಳಿಗೆ ಎರಡನೆಯ ದಿನವೇ ಚೆನ್ನಾಗಿ ತಿಳಿಯಿತು. ಬಾದಾಮಿ ಹೂವು ತನ್ನ ಪರಾಗವನ್ನೆಲ್ಲ ಬೆಳಿಗ್ಗೆಯೇ ಬಿಚ್ಚಿ ಕೊಟ್ಟುಬಿಡುತ್ತದೆ. ಮಂಜು ಕರಗಿ ಬಿಸಿಲು ಬಿದ್ದದ್ದೇ ನೊಣಗಳು ಮರಕ್ಕೆ ಮುತ್ತಿಕೊಳ್ಳುತ್ತವೆ, ತಲೆಯ ಮೇಲೆ ಇಡೀ ತೋಟ ಗುಂಯ್ ಎನ್ನುತ್ತದೆ. ಎರಡು ಗಂಟೆಗೆ ಹೂವುಗಳನ್ನು ಒರೆಸಿಟ್ಟ ಹಾಗೆ ಖಾಲಿ. ಆಗ ಅವು ಕೆಳಗಿಳಿದು ಸಾಸಿವೆಗೆ ಹೋಗುತ್ತವೆ. ಬಾದಾಮಿಯ ಕೆಲಸ ಮುಗಿಸಿಯೇ ಹೋಗುತ್ತವೆ. ಸಾಸಿವೆ ಬಾದಾಮಿಯಿಂದ ಏನನ್ನೂ ಕಸಿದುಕೊಳ್ಳುತ್ತಿರಲಿಲ್ಲ.

ಐದನೆಯ ದಿನ, ಮಂಗಳವಾರ ಸಂಜೆ, ಊಟದ ಮೇಜಿನ ಹತ್ತಿರ ತಾತ ಕೇಳಿದ.

"ಏನಮ್ಮಾ, ನಿನ್ನ ಹುಳಗಳು ಏನಂತವೆ?"

ಡಿಯೊಲಿಂಡ ಪುಸ್ತಕ ತೆರೆದಳು. ಎಡಪುಟದಿಂದಲೇ ಶುರುಮಾಡಬೇಕೆಂದಿದ್ದಳು, ಅದು ನಿಜ. ಆದರೆ ಅದೇ ಹೊತ್ತಿಗೆ ಆನಿಕ ಸೂಪಿನ ಪಾತ್ರೆ ಇಡಲು ಜಾಗ ಮಾಡಿಕೊಳ್ಳುತ್ತ ಕಿರೀಟದ ಮುಂದಿದ್ದ ನೀಲಿ ಹೂಜಿಯನ್ನು ಪಕ್ಕಕ್ಕೆ ಸರಿಸಿದಳು. ಬಾಡಿದ ಕೊಂಬೆಯಿಂದ ಏಳೆಂಟು ಪಕಳೆ ಉದುರಿದವು. ಅಜ್ಜಿ ಅಂಥ ಪಕಳೆಗಳನ್ನು ಒಂದೊಂದಾಗಿ ಆರಿಸಿ ಪ್ರಾರ್ಥನೆಯ ಪುಸ್ತಕದಲ್ಲಿ ಇಡುತ್ತಿದ್ದಳು. ಆನಿಕ ಗುನುಗುತ್ತಲೇ ಅವನ್ನು ಅಂಗೈಗೆ ಗುಡಿಸಿಕೊಂಡು ಕಸದ ಡಬ್ಬಕ್ಕೆ ಹಾಕಿ, ಕೈ ಒರೆಸಿಕೊಂಡಳು. ತಾತ ನೋಡಿದ. ಊಟಕ್ಕೆಂದು ಚಮಚ ಕೈಗೆತ್ತಿಕೊಂಡ.

ಡಿಯೊಲಿಂಡಳ ಕಣ್ಣು ಬಲಪುಟಕ್ಕೆ ಸರಿಯಿತು.

"ಮರದಲ್ಲಿ ಹತ್ತೊಂಬತ್ತು," ಎಂದಳು. "ಸಾಸಿವೇಲಿ ನೂರ ನಲವತ್ತಾರು."

"ಇವತ್ತಿಂದಾ?"

"ಇವತ್ತಿಂದು. ನಿನ್ನೆ ಇಪ್ಪತ್ತೆರಡು, ನೂರ ಮೂವತ್ತೊಂಬತ್ತು. ಮೊನ್ನೆ ಹದಿನೇಳು, ನೂರ ಐವತ್ತು." ಬಲಪುಟವನ್ನು ಪೂರ್ತಿ ಓದಿದಳು. ಓದಿದ ಸಂಖ್ಯೆಗಳಲ್ಲಿ ಒಂದೂ ಸುಳ್ಳಲ್ಲ.

ತಾತ ಚಮಚ ಕೆಳಗಿಟ್ಟ. "ನಾನು ಹೇಳ್ಲಿಲ್ವಾ," ಎಂದ, ಯಾರಿಗೆಂದೇನಲ್ಲ. ಆಮೇಲೆ ನೆಲ್ಸನ್ ಕಡೆ ತಿರುಗಿದ. "ಗುರುವಾರ ಬೆಳಿಗ್ಗೆ ಕತ್ತರಿಸಿಬಿಡು. ಹುಳ ಏಳೋ ಮುಂಚೆ."

"ವವೋ, ಇನ್ನೊಂದ್ ನಾಲ್ಕು ದಿನ ನೋಡೋಣ," ಎಂದಳು ಆನಿಕ.

"ಮಾತಾಗಿತ್ತಲ್ಲಮ್ಮ. ಲಿಂಡ ಹೇಳಿದ್ದೇ ಕೊನೆ ಅಂತ ನೀನೇ ತಾನೇ ಒಪ್ಪಿದ್ದು?"

ಆನಿಕ ನಾದಿನಿಯ ಕಡೆ ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. "ಹೌದು," ಎಂದಳು. "ಅವಳು ಎಣಿಸಿದ್ರೆ ಸರಿಯಾಗೇ ಇರತ್ತೆ." ಎಲ್ಲರಿಗೂ ಸೂಪು ಬಡಿಸಿದಳು. ಆ ಮನೆಯಲ್ಲಿ ಎಂಟು ತಿಂಗಳಿಂದ ಕೇಳಿಸದಿದ್ದ ಗೋಡೆ ಗಡಿಯಾರ ಅಂದು ಮತ್ತೆ ಕೇಳಿಸಿತು. ಇದೇ ತಾನೇ ಬೇಕಾಗಿದ್ದದ್ದು, ಎಂದುಕೊಂಡಳು ಡಿಯೊಲಿಂಡ. ಸೂಪಿನ ಬಟ್ಟಲನ್ನು ಹಾಗೇ ಪಕ್ಕಕ್ಕೆ ಸರಿಸಿದಳು.

ಬುಧವಾರ ಆರ್ವಿಡ್ ಬಂದ. ತೋಟದ ಅಂಚಿನಲ್ಲಿ ಪೆಟ್ಟಿಗೆಗಳ ಹತ್ತಿರ ಹೊಗೆಯ ಡಬ್ಬಿ ಹಿಡಿದು ನಿಂತಿದ್ದ. ಆನಿಕ ಅವನಿಗೆ ಸಾಸಿವೆ ಕತ್ತರಿಸುವ ಕತೆ ಹೇಳಿ ಮುಗಿಸುವ ಹೊತ್ತಿಗೆ ಡಿಯೊಲಿಂಡ ನೀರಿನ ಕ್ಯಾನು ಹೊತ್ತು ಅಲ್ಲಿಗೆ ಬಂದಳು.

"ಇದನ್ನ ನೋಡಿ ಇಬ್ಬರೂ," ಎಂದು ಅವನು ಒಂದು ಚೌಕಟ್ಟು ಎತ್ತಿ ಹಿಡಿದ. ಮರಿಗಳ ಗೂಡು ಅಂಚಿನಿಂದ ಅಂಚಿಗೆ ತುಂಬಿತ್ತು, ಸುತ್ತ ಕಟ್ಟಿಟ್ಟ ಪರಾಗದ ಬಣ್ಣದ ಪಟ್ಟೆ. "ಫೆಬ್ರವರಿಯಲ್ಲಿ ಇಷ್ಟು ಮೈ ತುಂಬಿದ್ದನ್ನ ನಾನು ಈ ತೋಟದಲ್ಲಿ ನೋಡಿದ್ದಿಲ್ಲ. ಹೊಟ್ಟೆ ತುಂಬಾ ಉಂಡ ಮನೆ ಇದು. ಹೂಂ. ನಾಳೆ ಕತ್ತರಿಸ್ತಾರಂತಲ್ಲ." ಚೌಕಟ್ಟನ್ನು ಮೆಲ್ಲಗೆ ಒಳಗಿಳಿಸಿದ. "ತೋಟ ಅವರದು. ನದಿ ಆಚೆ ಒಬ್ಬರು ಕರೀತಾ ಇದಾರೆ ನನ್ನ, ಹೋದ ವರ್ಷದಿಂದ. ಒಂದ್ ಮಾತು ಕೇಳ್ಲಾ, ಎಣಿಸಿದ್ದು ಎಷ್ಟು ಹೊತ್ತಿಗೆ?"

ಡಿಯೊಲಿಂಡ ಬಾಯಿ ತೆರೆಯುವ ಮೊದಲೇ ಆನಿಕ ಅಡ್ಡ ಬಂದಳು.

"ಅವಳನ್ನ ಪರೀಕ್ಷೆ ಮಾಡ್ಬೇಡಿ ಮಾರಾಯ್ರೇ. ನನ್ನ ಮದುವೆ ದಿನ ಬೆನ್ನ ಹಿಂದೆ ನಿಂತು ಗೌನಿನ ಗುಂಡಿ ಎಣಿಸಿ, ಒಂದು ಕಡಿಮೆ ಇದೆ ಅಂದೋಳು. ನಮ್ಮಮ್ಮ ಇಲ್ಲ ಅಂದ್ರು, ಹೊಲಿದೋಳೂ ಇಲ್ಲ ಅಂದ್ಳು. ಕಡಿಮೆ ಇತ್ತು." ನಾದಿನಿಯ ಭುಜಕ್ಕೆ ಮೊಣಕೈಯಿಂದ ತಿವಿದಳು. "ನಾನೇ ಬಿತ್ತನೆ ಸ್ವಲ್ಪ ಒತ್ತಾಗಿ ಮಾಡಿದೆ ಅನ್ಸತ್ತೆ. ಮುಂದಿನ ವರ್ಷ ಸಾಲು ಕಡಿಮೆ ಮಾಡೋಣ, ಅಲ್ವಾ ಲಿಂಡಾ?"

"ಹೂಂ," ಎಂದಳು ಡಿಯೊಲಿಂಡ. ಕ್ಯಾನಿನ ನೀರು ಅರ್ಧ ತೊಟ್ಟಿಗೆ, ಅರ್ಧ ಕಾಲ ಮೇಲೆ ಸುರಿಯಿತು.

ಅಂದು ಕೋಣೆಯಲ್ಲಿ ಕುಳಿತು ಹಿಂದಿನ ಕಡೆಯಿಂದ ಬರೆದಳು: "ನಾನು ಹೇಳಿದ್ದೆಲ್ಲ ನಿಜ." ಕೆಳಗೆ ಇನ್ನೊಮ್ಮೆ ಅದನ್ನೇ ಬರೆದಳು. ಮೂರನೆಯ ಸಲ ಬರೆಯುವಾಗ ಪುಟ ಮುಗಿಯಿತು. ಹಾಳೆ ತಿರುವಿದರೆ ಎದುರಿಗೆ ತಲೆಕೆಳಗಾಗಿ ಸಂಖ್ಯೆಗಳು. ಆ ಕಡೆಯ ಬರಹ ಬಂದು ಮುಟ್ಟಿತ್ತು. ಬೆಳಿಗ್ಗೆಯ ಪುಟ.

ಗುರುವಾರ ಮಂಜು ಮರದ ತುದಿಗಳನ್ನು ನುಂಗಿತ್ತು. ಚಳಿಗೆ ಒಂದು ನೊಣವೂ ಹೊರಬಂದಿರಲಿಲ್ಲ. ನೆಲ್ಸನ್ ಟ್ರ್ಯಾಕ್ಟರಿನ ಹಿಂದೆ ಕಟಾವಿನ ಯಂತ್ರ ಸಿಕ್ಕಿಸಿಕೊಂಡು ಮೊದಲ ಸಾಲಿನ ತಲೆಯಲ್ಲಿ ಕಾಯುತ್ತಿದ್ದ. ತಾತ ಊರುಗೋಲು ಹಿಡಿದು ನಿಂತಿದ್ದ. ಆನಿಕ ಬಂದು, ಯಾರನ್ನೂ ಕೇಳದೆ, ಬಗ್ಗಿ ಒಂದು ಹಿಡಿ ಸಾಸಿವೆ ಹೂವು ಕಿತ್ತುಕೊಂಡು ಬದಿಗೆ ಸರಿದಳು. ತಾತ ಕೈ ಎತ್ತಿದ. ಯಂತ್ರ ಗರ್ಜಿಸಿತು.

ಸೊಂಟದೆತ್ತರದ ಹಳದಿ ಮಡಚಿಕೊಂಡು ಕೆಳಗೆ ಹೋಯಿತು. ಜಜ್ಜಿದ ಸಾಸಿವೆಯ ಘಾಟು ಮೂಗಿಗೇರಿತು. ಮನೆಯ ಮೆಟ್ಟಿಲ ಮೇಲೆ ನಿಂತಿದ್ದ ಡಿಯೊಲಿಂಡಳಿಗೆ ಕಣ್ಣೀರು ಬಂದದ್ದು ಅದರಿಂದಲೇ ಎನ್ನಬಹುದಾಗಿತ್ತು. ಸಾಲಿನ ನಡುವೆ ಟ್ರ್ಯಾಕ್ಟರು ಹೋಗುತ್ತಿದ್ದಂತೆ ಅದರ ಹಿಂದೆ ಉಳಿದದ್ದು ತಾತನಿಗೆ ಇಷ್ಟವಾದ ಅಂಗೈಯಂಥ ನೆಲ. ಒಂದು ಸಾಲು ಮುಗಿಯಿತು. ನೆಲ್ಸನ್ ತಿರುಗಿಸಿದ. ಎರಡನೆಯದೂ ಅರ್ಧ ಹೋಯಿತು.

ಯಾವಾಗ ಮೆಟ್ಟಿಲಿಳಿದಳೋ, ಪುಸ್ತಕ ಕೈಗೆ ಹೇಗೆ ಬಂತೋ. ತಾತನ ಎದುರು ನಿಂತು ಬೆಳಿಗ್ಗೆಯ ಪುಟ ತೆರೆದು ಹಿಡಿದಳು.

"ಏನಿದು?" ತಾತ ಜೇಬು ತಡಕಿದ. ಕನ್ನಡಕ ಮನೆಯಲ್ಲಿತ್ತು. "ಓದು."

ಅವಳು ತಲೆ ಅಲ್ಲಾಡಿಸಿದಳು.

"ನೆಲ್ಸನ್, ನಿಲ್ಸು," ಎಂದು ತಾತ ಕೋಲು ಎತ್ತಿ ಬೀಸಿದ. ಯಂತ್ರ ನಿಂತಿತು. "ಆನಿಕಾ, ಬಾಮ್ಮಾ ಇಲ್ಲಿ. ಇವಳು ಏನೋ ತಂದಿದಾಳೆ, ಓದು."

ಅವಳ ಕೈಗೆ ಪುಸ್ತಕ ಹೋಗುವುದನ್ನು ಡಿಯೊಲಿಂಡ ನೋಡಿದಳು. ಯಾರಿಗೂ ಮುಟ್ಟಲು ಬಿಡದ ಪುಸ್ತಕ. ಆನಿಕ ಹೂವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓದಿದಳು.

"ಮಂಗಳವಾರ, ಬೆಳಿಗ್ಗೆ ಹನ್ನೊಂದು. ಮರದಲ್ಲಿ ನಾನೂರ ಹನ್ನೆರಡು, ಸಾಸಿವೇಲಿ ಮೂವತ್ತೊಂದು." ಅವಳ ದನಿ ನಿಧಾನವಾಯಿತು. "ಸೋಮವಾರ, ಬೆಳಿಗ್ಗೆ. ಮರದಲ್ಲಿ ಮುನ್ನೂರ ತೊಂಬತ್ತೇಳು. ಸಾಸಿವೇಲಿ ಇಪ್ಪತ್ತೆಂಟು. ಭಾನುವಾರ, ನಾನೂರ ಮೂವತ್ತು." ಐದೂ ದಿನದ್ದನ್ನು ಓದಿದಳು. ಮತ್ತೇನಾದರೂ ಇದೆಯೇ ಎಂದು ಹಾಳೆ ತಿರುವಿದಳು.

ತಿರುವಿದ ಪುಟದಲ್ಲಿ ಅಕ್ಷರಗಳು ತಲೆಕೆಳಗಾಗಿದ್ದವು. ತಲೆಕೆಳಗಾದರೂ ತನ್ನ ಹೆಸರನ್ನು ಯಾರು ಬೇಕಾದರೂ ಗುರುತಿಸುತ್ತಾರೆ. ಆನಿಕಳ ಕಣ್ಣು ಒಂದು ಕಡೆ ನಿಂತಿತು, ಕೆಳಗಿಳಿಯಿತು, ಇನ್ನೊಂದು ಕಡೆ ನಿಂತಿತು. ಕಿವಿಯವರೆಗೆ ಕೆಂಪೇರಿದಳು. ಪುಸ್ತಕ ಮುಚ್ಚಿದಳು.

"ಇಷ್ಟೇ ಇರೋದು," ಎಂದಳು.

ತಾತ ಕತ್ತರಿಸಿದ ಸಾಲನ್ನು ನೋಡಿದ, ನಿಂತಿದ್ದ ಸಾಲುಗಳನ್ನು ನೋಡಿದ. ತಲೆ ಎತ್ತಿ ಮಂಜಿನಲ್ಲಿ ಮುಚ್ಚಿಹೋಗಿದ್ದ ಬಿಳಿ ಹೂವುಗಳನ್ನೂ ನೋಡಿದ. "ಹಾಗಾದ್ರೆ ಅವು ಬೆಳಿಗ್ಗೆ ನಮ್ಮ ಕೆಲಸ ಮುಗಿಸ್ಕೊಂಡೇ ಅಲ್ಲಿಗೆ ಹೋಗ್ತಿದ್ವು," ಎಂದ. "ಇದ್ಯಾಕೆ ಹೇಳ್ಲಿಲ್ಲ ನೀನು?"

ಸಾಲಿನ ನಡುವೆ ನೆಲ್ಸನ್ ಸೀಟಿನಿಂದ ಇಳಿದು, ಏನಾಯಿತೆಂದು ಕತ್ತು ಚಾಚಿದ.

"ಮರ್ತಿರ್ತಾಳೆ ಬಿಡಿ, ವವೋ," ಎಂದಳು ಆನಿಕ. ಪುಸ್ತಕವನ್ನು ಡಿಯೊಲಿಂಡಳ ಕೈಗಿಟ್ಟಳು. ಮುಖ ನೋಡಲಿಲ್ಲ. "ಎರಡು ಪುಟ ಬೇರೆ. ಊಟದ ಗಡಿಬಿಡೀಲಿ ಒಂದೇ ಓದಿರ್ತಾಳೆ. ನಾನಾಗಿದ್ರೆ ಪುಸ್ತಕಾನೇ ಕಳ್ಕೊಂಡಿರ್ತಿದ್ದೆ."

ಒಳ್ಳೆಯ ದಾರಿ, ಅಗಲವಾಗಿ ತೆರೆದಿತ್ತು. ತಾತ ಆಗಲೇ ಅದನ್ನು ನಂಬತೊಡಗಿದ್ದ. ಅವನ ಹುಬ್ಬು ಸಡಿಲಾಗುತ್ತಿತ್ತು. ತಲೆ ಆಡಿಸಿದರೆ ಸಾಕು, ಮಾತು ಕೂಡ ಬೇಕಿರಲಿಲ್ಲ. ಸುಮ್ಮನಿರುವುದು ಅವಳಿಗೆ ಹುಟ್ಟಿದಾಗಿನಿಂದ ಬಂದದ್ದು. ಆ ದಾರಿಯನ್ನು ತೆರೆದವಳೂ ಆನಿಕಳೇ, ಎಲ್ಲವನ್ನೂ ಓದಿದ ಮೇಲೆ. ಇದರಲ್ಲೂ ಅವಳೇ ಮುಂದೆ ಎಂದು ಆ ಹಳೆಯ ಹೊಟ್ಟೆಕಿಚ್ಚು ಒಮ್ಮೆ ಉರಿಯಿತು. ಆಮೇಲೆ ಡಿಯೊಲಿಂಡ ಪುಸ್ತಕವನ್ನು ಎದೆಗೊತ್ತಿಕೊಂಡು, ತಾತನ ಮುಖ ನೋಡಿದಳು.

"ಮರ್ತಿಲ್ಲ," ಎಂದಳು. "ಕೊಂಬೇನ ಅವಳ ಕೈಗೆ ಕೊಟ್ರಲ್ಲ, ವವೋ. ಅದಕ್ಕೆ."